ಓದುಗರ ಪ್ರಶ್ನೆ: ಉತ್ತರ ಮೊದಲೇ ಗೊತ್ತಿದ್ದರೆ ಪ್ರಯೋಗ ಯಾಕೆ?

ಪದವಿ ತರಗತಿಗಳಲ್ಲಿ ರಸಾಯನಶಾಸ್ತ್ರ ಕಲಿಸುವ ಬಗೆ ಹೇಗೆ ಸುಧಾರಿಸಬೇಕು ಎಂದು ಕಳೆದ ಸಂಚಿಕೆಯಲ್ಲಿ ಸಂಪಾದಕರು ಓದುಗರನ್ನು ಕೇಳಿದ್ದರು. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳನ್ನೆಲ್ಲ ಒಂದು ಕಂತೆ ಮಾಡಿ, ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾಗಿ ಕಲಬುರಗಿಯಲ್ಲಿ ಸುಮ್ಮನೆ ಕೂತಿರುವ ನನಗೆ ಕಳಿಸಿದ್ದಾರೆ. ಹಳೆಯ ವಿದ್ಯಾರ್ಥಿಗಳು ಬರೆದ ಹೊಗಳಿಕೆಯ ಪತ್ರಗಳನ್ನು ಪಕ್ಕಕ್ಕಿಟ್ಟಿದ್ದೇನೆ, ಅವುಗಳಿಂದ ಯಾರಿಗೂ ಉಪಯೋಗವಿಲ್ಲ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಕೇಳಿಕೊಂಡಿರುವುದರಿಂದ ಊರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಮೇಡಂ, ನಾನು ಬಿ.ಎಸ್ಸಿ. ನಾಲ್ಕನೇ ಸೆಮಿಸ್ಟರ್ ವಿದ್ಯಾರ್ಥಿನಿ. ಟೈಟ್ರೇಶನ್ ಮಾಡುವಾಗ, ಅಂದರೆ ಬ್ಯುರೆಟ್ ಎಂಬ ಅಳತೆಗೆರೆಯ ಗಾಜಿನ ಕೊಳವೆಯಿಂದ ಹನಿಹನಿಯಾಗಿ ದ್ರಾವಣ ಬಿಟ್ಟು ಅಳೆಯುವಾಗ, ಬರಬೇಕಾದ ಉತ್ತರ ಹಿರಿಯ ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕದಲ್ಲೇ ಇರುತ್ತದೆ. ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ ಬ್ಯುರೆಟ್ ರೀಡಿಂಗ್ ಬರೆಯುತ್ತೇವೆ. ಪೂರ್ತಿ ಅಂಕ ಬರುತ್ತವೆ. ನಿಜವಾಗಿ ಮಾಡಿದವರಿಗೆ ಬೇರೆ ಉತ್ತರ ಬಂದು ಅಂಕ ಕಡಿಮೆಯಾಗುತ್ತವೆ. ಇದರಿಂದ ನಾವು ಕಲಿತದ್ದೇನು?
ವಿದ್ಯಾರ್ಥಿನಿ, ಸೇಡಂ

ತಂಗಿ, ನೀವು ಕಲಿತದ್ದು ಗುಣಾಕಾರ ಭಾಗಾಕಾರ. ಅದನ್ನು ಏಳನೇ ತರಗತಿಯಲ್ಲೇ ಕಲಿತಿದ್ದಿರಿ.

ನಿನ್ನನ್ನು ಬೈಯಲು ಮನಸ್ಸಿಲ್ಲ. ಬೈಯಬೇಕಾದವರು 10.2, 10.2, 10.2 ಎಂದು ಸಾಲಾಗಿ ಬರೆದ ಪುಟಕ್ಕೆ ಕಣ್ಣು ಮುಚ್ಚಿ ಸಹಿ ಹಾಕುವವರು. ಬ್ಯುರೆಟ್‌ನ ತುದಿಯಿಂದ ಬೀಳುವ ಒಂದು ಹನಿಯೇ ಸುಮಾರು 0.05 ಮಿಲಿಲೀಟರ್ ಇರುತ್ತದೆ. ಕೈ ಪಳಗದ ಹುಡುಗಿಗೆ ಮೂರು ಸಲವೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದ ರೀಡಿಂಗ್ ಬಂದರೆ, ಪರೀಕ್ಷಕರು ಖುಷಿಪಡುವ ಬದಲು ಅನುಮಾನಪಡಬೇಕು. ಎರಡು ರೀಡಿಂಗ್‌ಗಳ ನಡುವೆ ಸ್ವಲ್ಪ ಅಂತರ ಬಂದದ್ದು ಯಾಕೆ ಎಂದು ವಿವರಿಸಬಲ್ಲ ವಿದ್ಯಾರ್ಥಿಗೆ ಅಂಕ ಕೊಡಬೇಕು. ಈಗ ಆಗುತ್ತಿರುವುದು ಇದಕ್ಕೆ ತೀರ ಉಲ್ಟಾ.

ನನ್ನ ಮಟ್ಟಿಗೆ ಇದಕ್ಕೆ ಮದ್ದು ಒಂದೇ. ಯಾವ ರೆಕಾರ್ಡ್‌ನಲ್ಲೂ ಉತ್ತರ ಬರೆದಿಡಲಾಗದ ಪ್ರಶ್ನೆಯನ್ನು ಲ್ಯಾಬಿನೊಳಕ್ಕೆ ತರುವುದು. ಅಂಥ ಪ್ರಶ್ನೆ ನಿಮ್ಮ ಊರಲ್ಲೇ ಇದೆ. ಸೇಡಂ, ಚಿತ್ತಾಪುರ, ಶಹಾಬಾದ್ ಎಂದರೆ ನೆಲದಡಿ ಸುಣ್ಣಕಲ್ಲು. ನಾವು ಮನೆಗೆ ಹಾಸುವ ಶಹಾಬಾದಿ ಪರಸಿಯೂ ಅದೇ, ವಾಡಿ ಮತ್ತು ಮಳಖೇಡದ ಸಿಮೆಂಟಿಗೆ ಹೋಗುವುದೂ ಅದೇ. ಗಾಳಿಯಲ್ಲಿನ ಮತ್ತು ಮಣ್ಣಿನಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡ ಮಳೆನೀರು ಆ ಕಲ್ಲನ್ನು ಮೆಲ್ಲಗೆ ಕರಗಿಸಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಮಾಡುತ್ತದೆ. ಬಾವಿಯ ನೀರು ಗಡಸಾಗುವುದು ಹೀಗೆ. ಅದೇ ನೀರನ್ನು ಕಾಯಿಸಿದರೆ ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುತ್ತದೆ. ಅಂದರೆ ಕರಗಿದ ಸುಣ್ಣಕಲ್ಲು ಮತ್ತೆ ಕಲ್ಲಾಗುತ್ತದೆ.

ಪ್ರತಿಯೊಬ್ಬರೂ ತಮ್ಮ ಓಣಿಯ ಬಾವಿಯ ಅಥವಾ ಬೋರ್‌ವೆಲ್‌ನ ನೀರನ್ನು ಒಂದು ಬಾಟಲಿಯಲ್ಲಿ ತರಲಿ. 50 ಮಿಲಿಲೀಟರ್ ನೀರು ತೆಗೆದುಕೊಂಡು, ಪಿಎಚ್ 10ರ ಅಮೋನಿಯಾ ಬಫರ್ ಹಾಕಿ, ಎರಿಯೊಕ್ರೋಮ್ ಬ್ಲ್ಯಾಕ್ ಟಿ ಸೂಚಕದ ಒಂದು ಚಿಟಿಕೆ ಸೇರಿಸಿ, ಗಡಸುತನದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕದ 0.01 ಮೋಲಾರ್ ದ್ರಾವಣದಿಂದ ಟೈಟ್ರೇಟ್ ಮಾಡಿ. ನೇರಳೆಗೆಂಪು ಮಾಯವಾಗಿ ಶುದ್ಧ ನೀಲಿ ಬಂದಾಗ ನಿಲ್ಲಿಸಿ. ಈ ದ್ರಾವಣದ ಒಂದು ಮಿಲಿಲೀಟರ್ ಒಂದು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. ಆದ್ದರಿಂದ ರೀಡಿಂಗನ್ನು ಇಪ್ಪತ್ತರಿಂದ ಗುಣಿಸಿದರೆ ಒಂದು ಲೀಟರಿನ ಲೆಕ್ಕ ಸಿಗುತ್ತದೆ. 18 ಮಿಲಿಲೀಟರ್ ಖರ್ಚಾಗಿದ್ದರೆ ಲೀಟರಿಗೆ 360 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವುದು 200, ಬೇರೆ ನೀರಿಲ್ಲದಿದ್ದರೆ 600ರವರೆಗೆ. ನಂತರ ಅದೇ ನೀರನ್ನು ಕುದಿಸಿ, ಆರಿಸಿ, ಸೋಸಿ ಮತ್ತೊಮ್ಮೆ ಟೈಟ್ರೇಟ್ ಮಾಡಿ. ಎಷ್ಟು ಇಳಿಯಿತೋ ಅಷ್ಟು ತಾತ್ಕಾಲಿಕ ಗಡಸುತನ, ಉಳಿದದ್ದು ಶಾಶ್ವತ. ಪುಸ್ತಕದಲ್ಲಿ ಉರು ಹೊಡೆದ ಈ ಎರಡು ಪದಗಳು ಆಗ ಬಾಟಲಿಯೊಳಗಿನ ವಸ್ತುವಾಗುತ್ತವೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕೆನಿಸಿದರೆ ನಿಮ್ಮ ಅಜ್ಜಿಯನ್ನು ಕೇಳು: ಊರಿನ ಯಾವ ಬಾವಿಯ ನೀರಿನಲ್ಲಿ ತೊಗರಿ ಬೇಳೆ ಬೇಗ ಬೇಯುತ್ತದೆ? ತೊಗರಿಯ ಈ ನಾಡಿನಲ್ಲಿ ಆ ಉತ್ತರ ಗೊತ್ತಿಲ್ಲದ ಅಜ್ಜಿ ಇರಲಾರಳು. ಗಡಸು ನೀರಿನ ಕ್ಯಾಲ್ಸಿಯಂ, ಬೇಳೆಯ ಜೀವಕೋಶಗಳನ್ನು ಹಿಡಿದಿಡುವ ಪೆಕ್ಟಿನ್‌ಗೆ ಅಂಟಿಕೊಂಡು ಅದನ್ನು ಬಿಗಿಗೊಳಿಸುತ್ತದೆ. ಆಗ ಬೇಳೆ ಕರಗುವುದಿಲ್ಲ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಗ ಬೇಯುತ್ತದೆ, ಜೊತೆಗೆ ಬಿ1 ಜೀವಸತ್ವವೂ ನಾಶವಾಗುತ್ತದೆ. ಅಜ್ಜಿ ಹೇಳಿದ ಬಾವಿಗಳ ಸಾಲು, ನಿಮ್ಮ ಟೈಟ್ರೇಶನ್ ಕೊಟ್ಟ ಸಾಲು ಎರಡನ್ನೂ ಪಕ್ಕಪಕ್ಕದಲ್ಲಿ ಬರೆಯಿರಿ. ಹೊಂದಿಕೆಯಾಗದಿದ್ದರೆ ಇನ್ನೂ ಒಳ್ಳೆಯದು, ಆಗ ಯೋಚಿಸಲು ಕೆಲಸ ಸಿಗುತ್ತದೆ.

ಸಿಲೆಬಸ್‌ನಲ್ಲಿ ಇಲ್ಲ ಎಂದು ನಿಮ್ಮ ಉಪನ್ಯಾಸಕರು ಹೇಳಲಾರರು. ಇಡಿಟಿಎ ಟೈಟ್ರೇಶನ್ ಇದ್ದೇ ಇರುತ್ತದೆ. ಬದಲಾಗುವುದು ಬಾಟಲಿಯ ನೀರು ಮಾತ್ರ.

ಮೇಡಂ, ನಾನು ಅತಿಥಿ ಉಪನ್ಯಾಸಕ. ಒಂದೇ ಕೋಣೆಯಲ್ಲಿ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು. ಲ್ಯಾಬಿಗೆ ರಾಸಾಯನಿಕ ತರಿಸಲು ಕೇಳಿದರೆ ಮುಂದಿನ ವರ್ಷ ಎನ್ನುತ್ತಾರೆ. "ಚಟುವಟಿಕೆ ಆಧಾರಿತ ಬೋಧನೆ" ಎಂದು ತರಬೇತಿಗಳಲ್ಲಿ ಉಪದೇಶ ಮಾಡುವವರು ನನ್ನ ತರಗತಿಗೆ ಬಂದು ಮಾಡಿ ತೋರಿಸಲಿ.
ಉಪನ್ಯಾಸಕರು, ಬೀದರ್

ನಿಮ್ಮ ಸಿಟ್ಟು ನ್ಯಾಯವಾದದ್ದು. ವರ್ಷಕ್ಕೊಮ್ಮೆ ನೌಕರಿ ಉಳಿಯುತ್ತದೆಯೋ ಇಲ್ಲವೋ ಎಂದು ಕಾಯುವವರಿಗೆ ಬೋಧನಾ ಕ್ರಾಂತಿಯ ಭಾಷಣ ಮಾಡಲು ನನಗೂ ನಾಚಿಕೆಯಾಗುತ್ತದೆ. ಆದ್ದರಿಂದ ದುಡ್ಡು ಬೇಡದ, ಹತ್ತು ನಿಮಿಷದಲ್ಲಿ ಮುಗಿಯುವ ಸಂಗತಿಗಳನ್ನಷ್ಟೇ ಹೇಳುತ್ತೇನೆ.

ಮೊದಲನೆಯದಕ್ಕೆ ಸೀಮೆಸುಣ್ಣ ಸಾಕು. ಹಲಗೆಯ ಮೇಲೆ ಒಂದು ಪ್ರಶ್ನೆ ಬರೆಯಿರಿ: ನೀರು ಭರ್ಜರಿಯಾಗಿ ಕುದಿಯುವಾಗ ಏಳುವ ದೊಡ್ಡ ಗುಳ್ಳೆಗಳೊಳಗೆ ಏನಿದೆ? ಗಾಳಿ, ಹೈಡ್ರೋಜನ್ ಮತ್ತು ಆಕ್ಸಿಜನ್, ನೀರಾವಿ, ಏನೂ ಇಲ್ಲ ಎಂದು ನಾಲ್ಕು ಆಯ್ಕೆ ಕೊಡಿ. ಬೆರಳು ಎತ್ತಿ ಉತ್ತರ ತೋರಿಸಲಿ. ಹೈಡ್ರೋಜನ್ ಮತ್ತು ಆಕ್ಸಿಜನ್ ಎನ್ನುವ ಬೆರಳುಗಳು ಎಷ್ಟಿವೆ ನೋಡಿ, ನಿಮಗೆ ಗಾಬರಿಯಾಗುತ್ತದೆ. ಇದು ಬೀದರಿನ ಮಕ್ಕಳ ದಡ್ಡತನವಲ್ಲ, ಬೇರೆ ದೇಶಗಳ ವಿದ್ಯಾರ್ಥಿಗಳಲ್ಲೂ ಸಂಶೋಧಕರು ಇದೇ ತಪ್ಪನ್ನು ಮತ್ತೆ ಮತ್ತೆ ಕಂಡಿದ್ದಾರೆ. ಸರಿ ಉತ್ತರ ನೀರಾವಿ, ಆದರೆ ಅದನ್ನು ಆಗಲೇ ಹೇಳಬೇಡಿ. ಪಕ್ಕದವರ ಜೊತೆ ಎರಡು ನಿಮಿಷ ವಾದ ಮಾಡಿ ಎನ್ನಿ. ನೂರು ಜನರ ಗದ್ದಲ ಆಗಲಿ, ಪ್ರಾಂಶುಪಾಲರು ಇಣುಕಿದರೆ ಇಣುಕಲಿ. ಮತ್ತೆ ಬೆರಳು ಎತ್ತಿಸಿ, ಆಮೇಲೆ ನೀವು ಮಾತಾಡಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಅಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ಕ್ರಮ ಇದು. ಅವರು ಇದನ್ನು ರೂಪಿಸಿದ್ದೇ ತುಂಬಿದ ತರಗತಿಗಳಿಗಾಗಿ. ಅಂದರೆ ನಿಮ್ಮ ನೂರು ಜನ ಇಲ್ಲಿ ಅಡ್ಡಿಯಲ್ಲ.

ಎರಡನೆಯದು ಕ್ರಮದ ವಿಷಯ. ಗ್ಲಾಸ್ಗೋದ ಅಲೆಕ್ಸ್ ಜಾನ್‌ಸ್ಟನ್ ಎಂಬ ರಸಾಯನಶಾಸ್ತ್ರ ಶಿಕ್ಷಣ ತಜ್ಞರು 1991ರಲ್ಲಿ ಒಂದು ತ್ರಿಕೋನ ಬರೆದು ತೋರಿಸಿದರು. ಒಂದು ಮೂಲೆಯಲ್ಲಿ ಕಣ್ಣಿಗೆ ಕಾಣುವುದು, ಇನ್ನೊಂದರಲ್ಲಿ ಕಾಣದ ಕಣಗಳ ಲೋಕ, ಮೂರನೆಯದರಲ್ಲಿ ಸೂತ್ರ ಮತ್ತು ಸಮೀಕರಣ. ಅನುಭವಿ ಅಧ್ಯಾಪಕರು ಒಂದೇ ವಾಕ್ಯದಲ್ಲಿ ಮೂರೂ ಮೂಲೆ ಸುತ್ತಿ ಬರುತ್ತಾರೆ. ಹೊಸಬರ ತಲೆಯಲ್ಲಿ ಮೂರಕ್ಕೂ ಒಟ್ಟಿಗೆ ಜಾಗ ಇರುವುದಿಲ್ಲ. ನಮ್ಮ ತರಗತಿಗಳ ಪಾಡು ಇನ್ನೂ ವಿಚಿತ್ರ. ನಾವು ಮೂರನೇ ಮೂಲೆಯಲ್ಲೇ ಹುಟ್ಟಿ ಅಲ್ಲೇ ಮುಗಿಯುತ್ತೇವೆ.

ಬೀದರಿನಲ್ಲಿ ಕೂತು ಮೊದಲ ಮೂಲೆ ಸಿಗುವುದಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಕಪ್ಪು ಲೋಹದ ಪಾತ್ರೆಯಲ್ಲಿ ಬೆಳ್ಳಿಯ ಚಿತ್ತಾರ ಕೂರಿಸುವ ಬಿದರಿ ಕುಶಲಕರ್ಮಿ ಒಬ್ಬರನ್ನು ತರಗತಿಗೆ ಕರೆಯಿರಿ, ಅವರ ಸಮಯಕ್ಕೆ ಗೌರವಧನವನ್ನೂ ಕೊಡಿಸಿ. ಪಾತ್ರೆಯ ಲೋಹ ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ. ಚಿತ್ತಾರ ಕೊರೆಯುವ ಮೊದಲು ಅವರು ಉಜ್ಜಿ ನುಣುಪಾದ ಮೈಗೆ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ ನೀರು ಸವರುತ್ತಾರೆ, ಮೇಲ್ಮೈ ಕ್ಷಣದಲ್ಲಿ ಕಪ್ಪಾಗುತ್ತದೆ, ಕಪ್ಪಿನ ಮೇಲೆ ಗೆರೆ ಎದ್ದು ಕಾಣುತ್ತದೆ. ನೀವು ವರ್ಷವರ್ಷವೂ ಹಲಗೆಯ ಮೇಲೆ ಬರೆಯುವ ಸ್ಥಾನಪಲ್ಲಟ ಕ್ರಿಯೆ ಇದೇ! ಸತು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಕರಗುತ್ತದೆ, ತಾಮ್ರದ ಅಯಾನು ಅದನ್ನು ಪಡೆದು ಅತಿ ಸಣ್ಣ ಕಣಗಳಾಗಿ ಕೂರುತ್ತದೆ. ಅಷ್ಟು ಸಣ್ಣ ತಾಮ್ರ ಕೆಂಪಾಗಿ ಕಾಣದೆ ಕಪ್ಪಾಗಿ ಕಾಣುತ್ತದೆ. ಮೊದಲ ದಿನ ಬರೀ ನೋಡಲಿ, ಏನಾಗಬಹುದು ಎಂದು ಮೊದಲೇ ಊಹಿಸಿ ಬರೆದಿಟ್ಟು ನೋಡಲಿ. ಮಾರನೆಯ ದಿನ ಕಣಗಳ ಚಿತ್ರ ಬಿಡಿಸಲಿ. ಸಮೀಕರಣ ಮತ್ತು ಎಲೆಕ್ಟ್ರಾನ್ ಪಡೆಯುವ ಒಲವನ್ನು ತೋರಿಸುವ ವಿದ್ಯುದ್ವಿಭವದ ಅಂಕಿಗಳು ಆಮೇಲೆ ಬರಲಿ: ಸತುವಿಗೆ ಮೈನಸ್ 0.76 ವೋಲ್ಟ್, ತಾಮ್ರಕ್ಕೆ ಪ್ಲಸ್ 0.34, ಬೆಳ್ಳಿಗೆ ಪ್ಲಸ್ 0.80. ಮೈಲುತುತ್ತ ಬೆಳ್ಳಿಯನ್ನು ಯಾಕೆ ಮುಟ್ಟುವುದಿಲ್ಲ ಎಂದು ಆಗ ಅವರೇ ಹೇಳುತ್ತಾರೆ.

ಬೆಳ್ಳಿ ಕೂರಿಸಿದ ಮೇಲಿನ ಕೊನೆಯ ಕಪ್ಪು ಬೇರೆ ಕತೆ. ಅದಕ್ಕೆ ಕೋಟೆಯ ಮಣ್ಣು ಮತ್ತು ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್ ಬೇಕು. ಲೋಹದಲ್ಲಿ ಆ ಸ್ವಲ್ಪ ತಾಮ್ರ ಇರದಿದ್ದರೆ ಕಪ್ಪು ಹೇಗಿರುತ್ತಿತ್ತು, ಬೇರೆ ಕಡೆಯ ಮಣ್ಣು ಹಾಕಿದರೆ ಏನಾಗುತ್ತದೆ ಎಂದು ಅಂತಿಮ ವರ್ಷದವರಿಗೆ ಪ್ರಾಜೆಕ್ಟ್ ಕೊಡಿ. ಅಂತರ್ಜಾಲದಿಂದ ನಕಲು ಮಾಡಿ ಬೈಂಡ್ ಮಾಡಿಸಿದ ಪ್ರಾಜೆಕ್ಟ್‌ಗಳಿಗಿಂತ ಅದು ನೂರು ಪಾಲು ಮೇಲು.

ರಾಸಾಯನಿಕದ ಕೊರತೆಗೆ: ಹನಿಗಳಲ್ಲಿ ಪ್ರಯೋಗ ಮಾಡಿಸಿ. ಬಿಳಿ ಹಾಳೆಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಸಿ ಎರಡೆರಡು ಹನಿ ಬೆರೆಸಿದರೆ ಗರಣೆಯೂ ಕಾಣುತ್ತದೆ, ಬಣ್ಣವೂ ಕಾಣುತ್ತದೆ. ಸೂಜಿ ತೆಗೆದ ಸಿರಿಂಜ್ ಪುಟ್ಟ ಬ್ಯುರೆಟ್‌ನಂತೆ ಕೆಲಸ ಮಾಡುತ್ತದೆ. ಅರ್ಧ ಲೀಟರ್ ದ್ರಾವಣದಲ್ಲಿ ಇಡೀ ಬ್ಯಾಚ್ ಮುಗಿಯುತ್ತದೆ. ಆದರೆ ಇದನ್ನು ನೆಪ ಮಾಡಿಕೊಂಡು ಅನುದಾನ ಕೇಳುವುದನ್ನು ಬಿಡಬೇಡಿ. ಅಗ್ಗದಲ್ಲಿ ನಡೆಸಬಲ್ಲಿರಿ ಎಂದು ಗೊತ್ತಾದರೆ ಕೊಡುವವರು ಶಾಶ್ವತವಾಗಿ ಮರೆತುಬಿಡುತ್ತಾರೆ.

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಡಿಗ್ರಿಯಲ್ಲಿ ಸರ್ ಇಂಗ್ಲಿಷ್ ನೋಟ್ಸ್ ಓದಿ ಹೇಳುತ್ತಾರೆ, ನಾವು ಬರೆದುಕೊಳ್ಳುತ್ತೇವೆ. ಪ್ರಶ್ನೆ ಕೇಳಬೇಕೆಂದರೆ ಇಂಗ್ಲಿಷಿನಲ್ಲಿ ಕೇಳಲು ಬಾರದು, ಕನ್ನಡದಲ್ಲಿ ಕೇಳಿದರೆ ಉಳಿದವರು ನಗುತ್ತಾರೆ.
ವಿದ್ಯಾರ್ಥಿ, ಸುರಪುರ

ನಗುವವರಿಗೂ ಅರ್ಥವಾಗಿರುವುದಿಲ್ಲ, ಇದನ್ನು ಮೊದಲು ತಿಳಿದುಕೋ. ಪರೀಕ್ಷೆ ಇಂಗ್ಲಿಷಿನಲ್ಲಿದೆ, ಮುಂದಿನ ಓದೂ ಇಂಗ್ಲಿಷಿನಲ್ಲಿದೆ, ಅದನ್ನು ಕಲಿಯಲೇಬೇಕು. ಆದರೆ ಬೆಂಜೀನ್ ಉಂಗುರದ ಎಲೆಕ್ಟ್ರಾನ್‌ಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ಯೋಚಿಸಲು ಇಂಗ್ಲಿಷ್ ಬೇಕಿಲ್ಲ. ಅದನ್ನು ತೋರಿಸುವ ಬಾಣದ ಗುರುತು ಎಲ್ಲ ಭಾಷೆಗೂ ಒಂದೇ. ನನ್ನ ತರಗತಿಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಮನೆಮಾತಿನವರು ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಬಾಣ ಬಿಡಿಸಿ ಯಾವ ಭಾಷೆಯಲ್ಲಾದರೂ ವಿವರಿಸು ಎಂದಾಗ ಅದುವರೆಗೆ ಬಾಯಿ ಬಿಡದವರು ಎದ್ದು ನಿಂತರು. ಕೆಲವರ ವಿವರಣೆ ತಪ್ಪಾಗಿತ್ತು, ಆದರೆ ತಪ್ಪು ಎಲ್ಲಿದೆ ಎಂದು ನನಗೆ ಕಂಡದ್ದು ಆಗಲೇ. ನೋಟ್ಸ್ ಬರೆಸುವಾಗ ಎಲ್ಲರ ಪುಸ್ತಕವೂ ಸರಿಯಾಗಿಯೇ ಇರುತ್ತದೆ.

ನೀನು ಮಾಡಬೇಕಾದದ್ದು ಇಷ್ಟು. ನಾಲ್ಕು ಜನ ಸೇರಿ ಸಂಜೆ ಒಂದು ಕ್ರಿಯೆಯನ್ನು ಕನ್ನಡದಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳಿ, ಪೂರ್ತಿ ತಿಳಿದ ಮೇಲೆ ಅದನ್ನೇ ಐದು ಸಾಲು ಇಂಗ್ಲಿಷಿನಲ್ಲಿ ಬರೆಯಿರಿ. ವ್ಯಾಕರಣ ತಪ್ಪಿದರೂ ಚಿಂತೆಯಿಲ್ಲ. ಮೊದಲು ಇಂಗ್ಲಿಷ್ ಉರು ಹೊಡೆದು ಆಮೇಲೆ ಅರ್ಥ ಹುಡುಕಲು ಹೋದವರು ನನಗೆ ತಿಳಿದಂತೆ ಆ ಎರಡನೇ ಹೆಜ್ಜೆಗೆ ತಲುಪುವುದೇ ಇಲ್ಲ.

ಮೇಡಂ ಅವರೇ, ನಾನು ಕಾಲೇಜಿನ ಲ್ಯಾಬ್ ಅಟೆಂಡರ್. ನನ್ನ ಪ್ರಶ್ನೆ ಪಾಠದ್ದಲ್ಲ. ಪ್ರಾಕ್ಟಿಕಲ್ ಮುಗಿದ ಮೇಲೆ ಹುಡುಗರು ಎಲ್ಲವನ್ನೂ ಸಿಂಕಿಗೆ ಸುರಿದು ಹೋಗುತ್ತಾರೆ. ಕಿತ್ತಳೆ ಬಣ್ಣದ ದ್ರಾವಣ ತಾಗಿ ಬೆರಳುಗಳಿಗೆ ತುರಿಕೆ ಬಂದಿದೆ. ಅದು ವಿಷವೇ?
ಅಟೆಂಡರ್, ಕಲಬುರಗಿ

ಅಣ್ಣಾ, ಈ ಕಂತೆಯಲ್ಲಿ ನಿಮ್ಮದಕ್ಕಿಂತ ಹೆಚ್ಚು ಪಾಠದ ಪ್ರಶ್ನೆ ಬೇರೆ ಇಲ್ಲ. ಮೊದಲು ಚರ್ಮದ ವೈದ್ಯರನ್ನು ಕಾಣಿ, ಏನು ಮುಟ್ಟಿದಿರಿ ಎಂದು ಹೆಸರು ಹೇಳಿ ತೋರಿಸಿ. ಕಿತ್ತಳೆ ಬಣ್ಣದ್ದು ಪೊಟ್ಯಾಸಿಯಂ ಡೈಕ್ರೊಮೇಟ್ ಆಗಿರಬೇಕು. ಅದರಲ್ಲಿನ ಆರು ವೇಲೆನ್ಸಿಯ ಕ್ರೋಮಿಯಂ ಚರ್ಮವನ್ನು ಕೆಡಿಸುತ್ತದೆ, ಕ್ಯಾನ್ಸರ್ ತರಬಲ್ಲದು. ಕೈಗವಸು ಕೇಳುವುದು ನಿಮ್ಮ ಹಕ್ಕು, ಬಾಯಿಮಾತಿನಲ್ಲಿ ಬೇಡ, ಬರೆದು ಕೇಳಿ.

ಇನ್ನು ಅಧ್ಯಾಪಕರಿಗೆ. ಬ್ಯುರೆಟ್‌ನಲ್ಲಿ ಉಳಿದ ಡೈಕ್ರೊಮೇಟನ್ನು ಸಿಂಕಿಗೆ ಸುರಿಸುವ ಬದಲು ಅದನ್ನೇ ಆ ದಿನದ ಕೊನೆಯ ಲೆಕ್ಕವಾಗಿ ಕೊಡಿ. ಒಂದು ಮೋಲ್ ಡೈಕ್ರೊಮೇಟಿಗೆ ಆರು ಮೋಲ್ ಫೆರಸ್ ಕಬ್ಬಿಣ ಬೇಕು. 100 ಮಿಲಿಲೀಟರ್ 0.05 ನಾರ್ಮಲ್ ದ್ರಾವಣ ಉಳಿದಿದ್ದರೆ ಫೆರಸ್ ಕಬ್ಬಿಣವಿರುವ ಮೋರ್ ಲವಣ ಎಷ್ಟು ಹಾಕಬೇಕು? ಸುಮಾರು 2 ಗ್ರಾಂ, ಜೊತೆಗೆ ಸ್ವಲ್ಪ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ. ಲೆಕ್ಕ ಸರಿಯಾಗಿದ್ದರೆ ಕಿತ್ತಳೆ ಹೋಗಿ, ಅಷ್ಟು ವಿಷವಲ್ಲದ ಮೂರು ವೇಲೆನ್ಸಿಯ ಕ್ರೋಮಿಯಂನ ಹಸಿರು ಬರುತ್ತದೆ, ತಪ್ಪಾಗಿದ್ದರೆ ಬಣ್ಣವೇ ಹೇಳುತ್ತದೆ. ಹಸಿರಾದ ಮೇಲೆ ಸುಣ್ಣದ ತಿಳಿಯಲ್ಲ, ಗಟ್ಟಿ ಸುಣ್ಣದ ನೀರನ್ನೇ ಹಾಕಿ ತುಸು ಪ್ರತ್ಯಾಮ್ಲೀಯ ಮಾಡಿದರೆ ಕ್ರೋಮಿಯಂ ಮತ್ತು ಕಬ್ಬಿಣದ ಹೈಡ್ರಾಕ್ಸೈಡ್‌ಗಳು ತಳಕ್ಕೆ ಇಳಿಯುತ್ತವೆ. ಅದನ್ನು ಸೋಸಿ, ಒಣಗಿಸಿ, ಚೀಟಿ ಅಂಟಿಸಿದ ಡಬ್ಬಿಯಲ್ಲಿ ಇಟ್ಟು, ಅಪಾಯಕಾರಿ ತ್ಯಾಜ್ಯ ವಿಲೇವಾರಿ ಮಾಡುವವರಿಗೆ ಒಪ್ಪಿಸಬೇಕು.

ಪಾಲ್ ಅನಸ್ಟಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಮಂಡಿಸಿದ ಹಸಿರು ರಸಾಯನದ, ಅಂದರೆ ಪರಿಸರಕ್ಕೆ ಹಾನಿ ತಗ್ಗಿಸುವ ರಸಾಯನಶಾಸ್ತ್ರದ, ಹನ್ನೆರಡು ತತ್ವಗಳನ್ನು ನಮ್ಮ ಹುಡುಗರು ಹತ್ತು ಅಂಕದ ಪ್ರಶ್ನೆಗಾಗಿ ಬಾಯಿಪಾಠ ಮಾಡುತ್ತಾರೆ. ಮೊದಲ ತತ್ವವೇ ತ್ಯಾಜ್ಯ ಹುಟ್ಟದಂತೆ ನೋಡಿಕೊಳ್ಳುವುದು. ಅದನ್ನು ಬರೆದು ಹತ್ತಕ್ಕೆ ಒಂಬತ್ತು ಪಡೆದವನೇ ಮರುದಿನ ಸಿಂಕಿಗೆ ಡೈಕ್ರೊಮೇಟ್ ಸುರಿಯುತ್ತಾನೆ. ಪ್ರತಿ ಬ್ಯಾಚಿನ ಮೊದಲ ಪ್ರಾಕ್ಟಿಕಲ್ ತರಗತಿಯನ್ನು ಅಟೆಂಡರ್ ಅವರೇ ತೆಗೆದುಕೊಳ್ಳಲಿ: ಯಾವ ಬಾಟಲಿ ಎಲ್ಲಿ, ಯಾವುದು ಎಲ್ಲಿಗೆ ಹೋಗಬೇಕು, ಗಾಜು ತೊಳೆಯುವುದು ಹೇಗೆ. ಅಧ್ಯಾಪಕರು ಹಿಂದಿನ ಬೆಂಚಿನಲ್ಲಿ ಕೂತು ಕೇಳಲಿ.

ಮಗ ಎಂ.ಎಸ್ಸಿ. ರಸಾಯನಶಾಸ್ತ್ರ ಮಾಡುತ್ತೇನೆ ಎನ್ನುತ್ತಾನೆ. ಬಿ.ಇಡಿ. ಮಾಡಿ ಮೇಷ್ಟ್ರಾಗು ಎಂದು ನಾನು. ಹೊಲ ಮಾರಿ ಓದಿಸುವಷ್ಟು ಬೆಲೆ ಆ ಎಂ.ಎಸ್ಸಿ.ಗೆ ಇದೆಯೇ?
ರೈತರು, ಯಾದಗಿರಿ

ಯಜಮಾನರೇ, ಹೊಲ ಮಾರಬೇಡಿ. ಯಾವ ಪದವಿಗೂ ಆ ಬೆಲೆಯಿಲ್ಲ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸೀಟು, ವಿದ್ಯಾರ್ಥಿವೇತನ, ಹಾಸ್ಟೆಲ್ ಸಿಕ್ಕರೆ ಓದಿಸಿ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371 (ಜೆ) ವಿಧಿಯ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಡಿ, ಸೀಟಿಗೂ ಬೇಕು, ಸರ್ಕಾರಿ ನೌಕರಿಗೂ ಬೇಕು. ಖಾಸಗಿ ಕಾರ್ಖಾನೆಗೆ ಅದು ನಡೆಯುವುದಿಲ್ಲ. ಕಡೇಚೂರು, ಹುಮನಾಬಾದ್, ಬೀದರಿನ ಕೊಳಾರ ಕಡೆಯ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳಿಗೂ, ವಾಡಿ ಮತ್ತು ಸೇಡಂನ ಸಿಮೆಂಟ್ ಲ್ಯಾಬುಗಳಿಗೂ ಬೇಕಾಗಿರುವುದು ದ್ರಾವಣವನ್ನು ನಿಖರವಾಗಿ ತಯಾರಿಸಬಲ್ಲ, ಬಂದ ರೀಡಿಂಗನ್ನು ಬಂದಂತೆಯೇ ಬರೆಯಬಲ್ಲ ಕೈ. ಮಗನಿಗೆ ಆ ಕೈ ಇದೆಯೇ ಎಂದು ಅವನ ಅಧ್ಯಾಪಕರನ್ನು ಕೇಳಿ. ಸೇಡಂನ ವಿದ್ಯಾರ್ಥಿನಿಯ ಪತ್ರವನ್ನು ಮೇಲೆ ಓದಿದ್ದೀರಲ್ಲ, ಅಲ್ಲಿ ಹೇಳಿದಂತೆ ಬರೆಯುವವನಾದರೆ ಕಾರ್ಖಾನೆಗೂ ಬೇಡ, ಶಾಲೆಗೂ ಬೇಡ.

ಮೋಲ್ ಎಂದರೆ 6.02214076 × 10²³ ಕಣಗಳು ಎಂದು ಬರೆದೆ. ಕಾರ್ಬನ್-12ರ ಹನ್ನೆರಡು ಗ್ರಾಂನಲ್ಲಿರುವಷ್ಟು ಕಣಗಳು ಎಂದು ಬರೆದಿಲ್ಲವೆಂದು ಒಂದು ಅಂಕ ಕಳೆದರು. ತಪ್ಪು ಯಾರದು?
ವಿದ್ಯಾರ್ಥಿನಿ, ಹುಮನಾಬಾದ್

ನೀನು ಬರೆದದ್ದು ಸರಿ. 2019ರ ಮೇ 20ರಿಂದ ಆ ಸಂಖ್ಯೆಯೇ ವ್ಯಾಖ್ಯೆ. ಮೊದಲು ಕಾರ್ಬನ್ನಿನ ತೂಕ ನಿಗದಿಯಾಗಿತ್ತು, ಸಂಖ್ಯೆಯನ್ನು ಅಳೆಯಬೇಕಿತ್ತು. ಈಗ ಸಂಖ್ಯೆ ನಿಗದಿ, ಕಾರ್ಬನ್ನಿನ ತೂಕವನ್ನು ಅಳೆಯಬೇಕು. ವ್ಯತ್ಯಾಸ ನಿಮ್ಮ ಲ್ಯಾಬಿನ ಯಾವ ತಕ್ಕಡಿಗೂ ಕಾಣದಷ್ಟು ಸಣ್ಣದು, ಹಾಗಾಗಿ ಹಳೆಯ ಪುಸ್ತಕದ ಲೆಕ್ಕಗಳೇನೂ ಕೆಡುವುದಿಲ್ಲ. ಮರುಮೌಲ್ಯಮಾಪನದ ಶುಲ್ಕ ಒಂದು ಅಂಕಕ್ಕೆ ದುಬಾರಿ ಎನಿಸಿದರೆ ಅರ್ಜಿ ಹಾಕಬೇಡ. ಆದರೆ ಹೊಸ ವ್ಯಾಖ್ಯೆ ಇರುವ ಪುಟವನ್ನು ನಿಮ್ಮ ಉಪನ್ಯಾಸಕರಿಗೆ ತೋರಿಸು, ಅದಕ್ಕೆ ಶುಲ್ಕವಿಲ್ಲ.